ಆಂದ್ರೋತ್‌ನ ಹುಡುಗ ಮತ್ತು ನಿನ್ನ ಪಿಡಿಒ ಕೆಲಸ

ಪ್ರೀತಿಯ ಪುಟ್ಟಿ,

ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಪಟ್ಟಿಯಲ್ಲಿ ನಿನ್ನ ಹೆಸರು ಬಂದದ್ದಕ್ಕೆ ನನಗೂ ಅಮ್ಮನಿಗೂ ಆದ ಖುಷಿ ಹೇಳಿ ಮುಗಿಯುವುದಿಲ್ಲ. "ನಮ್ಮ ಜಿಲ್ಲೆಯನ್ನೇ ಕೇಳಲಾ ಅಪ್ಪಾ? ಗುರುತಿನವರ ಮಧ್ಯೆ ಕೆಲಸ ಮಾಡೋದು ಕಷ್ಟ ಅಲ್ವಾ?" ಎಂದು ನೀನು ಕೇಳಿದ್ದೆ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಎನಿಸಿತು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನಾನು ಮಂಗಳೂರು ಬಂದರಿನಲ್ಲಿ ಜೀನಸಿನ ಮಂಡಿಯ ಲೆಕ್ಕ ಬರೆಯುತ್ತಿದ್ದವನು. ಲಕ್ಷದ್ವೀಪದ ಮಂಜಿಗಳು, ಅಂದರೆ ಸರಕಿನ ದೋಣಿಗಳು, ದಕ್ಕೆಗೆ ಬರುವುದನ್ನು ವರ್ಷಗಟ್ಟಲೆ ನೋಡಿದ್ದೇನೆ. ಕೊಬ್ಬರಿ, ತೆಂಗಿನ ನಾರಿನ ಹುರಿ ಇಳಿಸಿ ಅಕ್ಕಿ, ತರಕಾರಿ, ಮನೆ ಕಟ್ಟುವ ಸಾಮಾನು ತುಂಬಿಕೊಂಡು ಹೋಗುತ್ತಿದ್ದರು. ಮಳೆಗಾಲ ಶುರುವಾದರೆ ಮಂಜಿ ಬಂದ್. ಅವರಿಂದ ಕೇಳಿದ ಒಬ್ಬರ ಕಥೆ ನಿನಗೆ ಹೇಳಬೇಕು.

ಅದಕ್ಕೂ ಮೊದಲು ಸ್ವಲ್ಪ ಹಿಂದಿನ ಸಂಗತಿ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಲಕ್ಷದ್ವೀಪದ ಐದು ದ್ವೀಪಗಳು ಒಂದು ಕಾಲದಲ್ಲಿ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಶಾಲೆಯಲ್ಲಿ ಇದನ್ನು ನಿಮಗೆ ಹೇಳಿಕೊಟ್ಟಿರಲಿಕ್ಕಿಲ್ಲ. ಕಣ್ಣೂರಿನ ಅರಕ್ಕಲ್ ಮನೆತನದ ಕಾಟ ತಾಳಲಾರದೆ ಆ ಜನ ಟಿಪ್ಪುವಿನ ಮೊರೆ ಹೋದರು. 1787ರಲ್ಲಿ ಈ ದ್ವೀಪಗಳು ಅವನ ಕೈಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ ಸರಕಾರದ ಪಾಲಾದವು. ಅಲ್ಲಿಂದ ಮುಂದೆ ಅವರ ಸಾಹೇಬರು ಮಂಗಳೂರಿನ ಕಲೆಕ್ಟರ್. ದ್ವೀಪದವರು ಹೊಸೆದ ಹುರಿಯನ್ನು ಸರಕಾರಕ್ಕೇ ಕೊಡಬೇಕಿತ್ತು, ಬದಲಿಗೆ ಸರಕಾರ ಅಕ್ಕಿ ಕೊಡುತ್ತಿತ್ತು, ದರವನ್ನೂ ಸರಕಾರವೇ ನಿಗದಿ ಮಾಡುತ್ತಿತ್ತು. ಹುರಿ ಹೊಸೆಯುವ ಹೆಂಗಸಿನ ಮಾತು ಕೇಳಬೇಕಾದವರು ಸಮುದ್ರದ ಈಚೆ ಕೂತಿದ್ದರು. ನನಗೆ ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದೇ ದಿನ ಈ ಐದು ದ್ವೀಪಗಳು, ಮಲಬಾರಿನ ಕಡೆಗಿದ್ದ ಉಳಿದ ದ್ವೀಪಗಳ ಜೊತೆ ಸೇರಿ ಕೇಂದ್ರಾಡಳಿತ ಪ್ರದೇಶವಾದವು. ಆದರೂ ಅವುಗಳ ಕಚೇರಿ ಇದ್ದದ್ದು ಕೋಝಿಕ್ಕೋಡ್‌ನಲ್ಲಿ! ಅದು ದ್ವೀಪಗಳಲ್ಲೇ ಒಂದಾದ ಕವರತ್ತಿಗೆ ಹೋದದ್ದು 1964ರಲ್ಲಿ, ಮೂರ್ಕೋತ್ ರಾಮುಣ್ಣಿ ಆಡಳಿತಾಧಿಕಾರಿಯಾಗಿದ್ದಾಗ. ಅವರು ತಲಶೇರಿಯವರು, ಮೊದಲು ವಾಯುಪಡೆಯಲ್ಲಿ ವಿಮಾನ ಹಾರಿಸುತ್ತಿದ್ದವರು. ದ್ವೀಪದಲ್ಲಿ ಹುಟ್ಟಿದವರಲ್ಲ. ಹೊರಗಿನಿಂದ ಬಂದವರೂ ಒಳ್ಳೆಯದು ಮಾಡಬಲ್ಲರು ಎನ್ನುವುದಕ್ಕೆ ಅವರ ಹೆಸರು ಹೇಳಿದೆ.

ಈಗ ನಾನು ಹೇಳಬೇಕೆಂದಿದ್ದ ಮನುಷ್ಯ, ಪಿ.ಎಂ. ಸಯೀದ್. 1941ರಲ್ಲಿ ಆಂದ್ರೋತ್ ದ್ವೀಪದಲ್ಲಿ ಹುಟ್ಟಿದರು. ಓದಲು ಬಂದದ್ದು ನಮ್ಮ ಮಂಗಳೂರಿನ ಸರಕಾರಿ ಕಾಲೇಜಿಗೆ. ಆಮೇಲೆ ಬೊಂಬಾಯಿಯಲ್ಲಿ ಕಾನೂನು ಕಲಿತರು. ಅಲ್ಲಿಯವರೆಗೆ ದ್ವೀಪದ ಜನ ಸಂಸದರಿಗೆ ಓಟು ಹಾಕಿದ್ದೇ ಇಲ್ಲ, ರಾಷ್ಟ್ರಪತಿಗಳು ಒಬ್ಬರನ್ನು ನೇಮಿಸುತ್ತಿದ್ದರು. 1967ರಲ್ಲಿ ಮೊದಲ ಬಾರಿಗೆ ಚುನಾವಣೆ ನಡೆಯಿತು. ಪಕ್ಷೇತರನಾಗಿ ನಿಂತ ಈ ಹುಡುಗ ಗೆದ್ದ. ಆಗ ಅವರಿಗೆ ಬರೀ 25-26 ವರ್ಷ. ನಿನಗಿಂತ ಒಂದೆರಡು ವರ್ಷ ದೊಡ್ಡವರು ಅಷ್ಟೇ.

ಮುಂದೆ ಕಾಂಗ್ರೆಸ್ ಸೇರಿದರು. ಒಂದಾದ ಮೇಲೊಂದರಂತೆ ಹತ್ತು ಚುನಾವಣೆ ಗೆದ್ದರು. ಕೇಂದ್ರದಲ್ಲಿ ಗೃಹ ಖಾತೆಯ ರಾಜ್ಯ ಸಚಿವರಾದರು. 1998ರಿಂದ 2004ರವರೆಗೆ ಲೋಕಸಭೆಯ ಉಪಸಭಾಧ್ಯಕ್ಷ (ಡೆಪ್ಯೂಟಿ ಸ್ಪೀಕರ್). ಲಕ್ಷದ್ವೀಪದಲ್ಲಿ ಜನವಸತಿ ಇರುವ ದ್ವೀಪಗಳು ಹತ್ತು, ಎಲ್ಲ ಸೇರಿ ಜಾಗ 32 ಚದರ ಕಿಲೋಮೀಟರ್, 2011ರ ಜನಗಣತಿಯಲ್ಲೂ ಜನ 65 ಸಾವಿರ ಮುಟ್ಟಲಿಲ್ಲ. ಇಷ್ಟು ಸಣ್ಣ ಊರಿನ ಹುಡುಗ ಇಡೀ ದೇಶದ ಸದನ ನಡೆಸಿದ. ನಮ್ಮ ಬಂದರಿನ ದ್ವೀಪದವರು ಅವರ ಹೆಸರು ಎತ್ತಿದಾಗ ಮುಖದಲ್ಲಿ ಕಾಣುತ್ತಿದ್ದ ಹೆಮ್ಮೆ ನಾನು ಕಣ್ಣಾರೆ ನೋಡಿದ್ದು.

ಅವರು ಆಡಳಿತಾಧಿಕಾರಿಯ ಕುರ್ಚಿಯಲ್ಲಿ ಕೂತವರಲ್ಲ, ನಿಜ. ಆ ಕುರ್ಚಿಗೆ ದೆಹಲಿಯಿಂದ ಕಳುಹಿಸಿದವರು ಬಂದು ಹೋಗುತ್ತಿದ್ದರು. ಒಬ್ಬರು ದ್ವೀಪ ಅರ್ಥ ಮಾಡಿಕೊಳ್ಳುವ ಹೊತ್ತಿಗೆ ಇನ್ನೊಬ್ಬರು ಬರುವ ಪರಿಸ್ಥಿತಿ. ಹೀಗಿರುವಾಗ ಮಳೆಗಾಲದ ಮೊದಲು ಅಕ್ಕಿ ಬರದಿದ್ದರೆ ಏನಾಗುತ್ತದೆ, ರಾತ್ರಿ ಹೆರಿಗೆ ನೋವು ಶುರುವಾದರೆ ದೋಣಿಗೆ ಎಷ್ಟು ಕಾಯಬೇಕು ಎನ್ನುವುದನ್ನು ಮೊದಲಿನಿಂದ ವಿವರಿಸುವ ಅಗತ್ಯವಿಲ್ಲದ ಒಬ್ಬ ಮನುಷ್ಯ ದೆಹಲಿಯಲ್ಲಿದ್ದರೆ ಎಷ್ಟು ಧೈರ್ಯ, ಯೋಚಿಸು.

ಒಬ್ಬರೇ 37 ವರ್ಷ ಒಂದು ಊರಿನ ಪರವಾಗಿ ಮಾತಾಡುವುದು ಒಳ್ಳೆಯದೇ? ನನ್ನ ಪ್ರಕಾರ ಜಾಸ್ತಿಯೇ ಆಯಿತು. ಅಷ್ಟು ವರ್ಷದಲ್ಲಿ ಹೊಸಬರಿಗೂ ಅವಕಾಶ ಸಿಗಬೇಕಿತ್ತು. 2004ರಲ್ಲಿ ದ್ವೀಪದವರೇ ಅದನ್ನು ಹೇಳಿದರು. ಜೆಡಿಯು ಪಕ್ಷದ ಪೂಕುಂಞಿ ಕೋಯ ಎದುರು ಸಯೀದ್ ಸೋತರು. ಅಂತರ ಎಷ್ಟು ಗೊತ್ತಾ? ಬರೀ 71 ಮತ. ಗೆದ್ದವರೂ ದ್ವೀಪದವರೇ. ಅಷ್ಟು ಸಣ್ಣ ಊರಿನಲ್ಲಿ 71 ಮತ ಅಂದರೆ ಕೆಲವೇ ಮನೆಗಳು. ಯಾವ ಮನೆಯವರು ಈ ಸಲ ಕೈಬಿಟ್ಟರು ಎಂದು ಅವರಿಗೆ ಅಂದಾಜು ಸಿಕ್ಕಿರಬಹುದು. ನೀನು ಹೆದರುವುದು ಇದಕ್ಕೇ ಅಲ್ವಾ? ಆಮೇಲೆ ಅವರು ದೆಹಲಿಯಿಂದ ರಾಜ್ಯಸಭೆಗೆ ಬಂದು ವಿದ್ಯುತ್ ಖಾತೆಯ ಸಚಿವರಾಗಿದ್ದರು. 2005ರ ಡಿಸೆಂಬರಿನಲ್ಲಿ ದಕ್ಷಿಣ ಕೊರಿಯಾದ ಸಿಯೋಲ್ ನಗರದಲ್ಲಿ ತೀರಿಕೊಂಡರು.

ಪುಟ್ಟಿ, ನಾಳೆ ನೀನು ಪಂಚಾಯಿತಿಯಲ್ಲಿ ಕೂತಾಗ ಅತ್ತೆಯ ಮಗ ಮನೆ ನಂಬರಿಗೆ ಬರುತ್ತಾನೆ. ದೊಡ್ಡಮ್ಮ ನೀರಿನ ಬಿಲ್ಲು ಹಿಡಿದು ಬರುತ್ತಾರೆ. ಇಲ್ಲ ಎಂದರೆ ಮುನಿಸು, ಹೌದು ಎಂದರೆ ಉಳಿದವರ ಮಾತು. ಅದು ಸುಳ್ಳಲ್ಲ. ಆದರೆ ಯಾವ ಬೈಲಿಗೆ ಮಳೆಗಾಲದಲ್ಲಿ ದಾರಿ ಇಲ್ಲ, ಯಾವ ಮನೆಯ ಅಜ್ಜಿಗೆ ಪಿಂಚಣಿ ನಿಂತಿದೆ ಎನ್ನುವುದು ನಿನಗೆ ಯಾರೂ ಹೇಳದೆ ಗೊತ್ತು. ಬೇರೆ ಜಿಲ್ಲೆಯಿಂದ ಬಂದವರಿಗೆ ಅದು ತಿಳಿಯಲು ಎರಡು ಮಳೆಗಾಲ ಬೇಕು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ನಮ್ಮ ಜಿಲ್ಲೆಯನ್ನೇ ಕೇಳು. ನಮ್ಮ ಪಂಚಾಯಿತಿ ಬೇಡ, ಅಲ್ಲಿ ನೆಂಟರು ಜಾಸ್ತಿ. ಘಟ್ಟದ ಬುಡದ ಯಾವುದಾದರೂ ಪಂಚಾಯಿತಿ ಖಾಲಿ ಇದ್ದರೆ ಅದನ್ನು ತೆಗೆದುಕೋ. ಅಲ್ಲಿಗೆ ಹೋಗಲು ಯಾರೂ ಒಪ್ಪುವುದಿಲ್ಲವಂತೆ. ಬಸ್ಸು ಕಮ್ಮಿ, ಮನೆ ಹುಡುಕಲು ನಾನೂ ಜೊತೆಗೆ ಬರುತ್ತೇನೆ. ಅಮ್ಮನ ಜೊತೆ ಮಾತಾಡಿಯಾಗಿದೆ, ಅವಳೂ ಒಪ್ಪಿದ್ದಾಳೆ.

ನಿನ್ನ,
ಅಪ್ಪ