ಗಲ್ಲಾಪೆಟ್ಟಿಗೆಯಲ್ಲಿ ಇರುವುದೆಲ್ಲ ನಿನ್ನದಲ್ಲ

ಪ್ರೀತಿಯ ಪುಟ್ಟನಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಮೆಸೇಜ್ ಓದಿದೆ. ಪ್ರಿಂಟಿಂಗ್ ಆರ್ಡರ್ ಅರ್ಧಕ್ಕೆ ಇಳಿದಿದೆ, ತೆರಿಗೆಗೆ ಅಂತ ಇದ್ದ ದುಡ್ಡು ಕಾಗದದವರಿಗೆ ಹೋಗಿದೆ, ರಿಟರ್ನ್ ಹಾಕುವ ದಿನ ಹತ್ತಿರ ಬಂದಿದೆ. "ಈ ಸಲ ಸುಮ್ನೆ ಇದ್ದುಬಿಡಲಾ ಅತ್ತೆ, ಮುಂದಿನ ಸಲ ಎರಡೂ ಸೇರಿಸಿ ಹಾಕ್ತೀನಿ" ಅಂತ ಕೇಳಿದ್ದೀಯ. ಬೇಡ ಕಣೋ. ಇಷ್ಟು ವರ್ಷ ಬೇರೆಯವರ ಲೆಕ್ಕ ಬರೆದವಳು ನಾನು. ಸಾಲದಿಂದ ಮುಳುಗಿದವರಿಗಿಂತ, ಬಾಯಿ ಮುಚ್ಚಿಕೊಂಡು ಕೂತು ಮುಳುಗಿದವರನ್ನೇ ಜಾಸ್ತಿ ನೋಡಿದ್ದೇನೆ.

ತೆರಿಗೆ ಕಟ್ಟದಿರುವುದು ಒಂದು ತಪ್ಪು, ಲೆಕ್ಕವನ್ನೇ ಒಪ್ಪಿಸದಿರುವುದು ಇನ್ನೊಂದು ತಪ್ಪು. ಹೆಚ್ಚಿನ ಕಡೆ ಎರಡಕ್ಕೂ ಬೇರೆ ಬೇರೆ ದಂಡ ಇದೆ. ಅಮೆರಿಕದ ಆದಾಯ ತೆರಿಗೆಯನ್ನೇ ನೋಡು. ರಿಟರ್ನ್ ಹಾಕಿ ದುಡ್ಡು ಬಾಕಿ ಇಟ್ಟರೆ ಬಾಕಿಯ ಮೇಲೆ ತಿಂಗಳಿಗೆ ಶೇ. 0.5 ದಂಡ, ರಿಟರ್ನೇ ಹಾಕದಿದ್ದರೆ ಶೇ. 5. ಹತ್ತು ಪಟ್ಟು! ಎಲ್ಲ ಕಡೆ ಇಷ್ಟು ವ್ಯತ್ಯಾಸ ಇರುವುದಿಲ್ಲ, ಕ್ರಮವೂ ಒಂದೇ ಅಲ್ಲ. ಭಾರತದಲ್ಲಿ ಜಿಎಸ್‌ಟಿಗೆ ಜಿಎಸ್‌ಟಿಆರ್-3ಬಿ ಅನ್ನೋ ರಿಟರ್ನ್ ಇದೆಯಲ್ಲ, ಅದನ್ನು ತೆರಿಗೆ ಕಟ್ಟದೆ ಸಲ್ಲಿಸುವುದಕ್ಕೇ ಬರುವುದಿಲ್ಲ. ಹಾಗಿದ್ದ ಕಡೆ ಬೇರೆ ಖರ್ಚು ತಡೆಹಿಡಿದಾದರೂ ಮೊದಲು ಅದಕ್ಕೆ ಹೊಂದಿಸಬೇಕು. ನಿನಗೆ ಯಾವುದು ಅನ್ವಯಿಸುತ್ತದೆ ಅಂತ ನಿನ್ನ ಆಡಿಟರನ್ನು ಇವತ್ತೇ ಕೇಳು. ನಾಳೆ ಅನ್ನಬೇಡ.

ಇನ್ನೊಂದು ವಿಷಯ ನಿನಗೆ ಗೊತ್ತಿರಲಿಕ್ಕಿಲ್ಲ. ನಷ್ಟ ಆದ ವರ್ಷವೇ ರಿಟರ್ನಿಗೆ ಜಾಸ್ತಿ ಬೆಲೆ. ಈ ವರ್ಷದ ನಷ್ಟವನ್ನು ಮುಂದಿನ ವರ್ಷಗಳ ಲಾಭದಲ್ಲಿ ಕಳೆದುಕೊಳ್ಳುವ ಅವಕಾಶ ಬಹಳ ದೇಶಗಳಲ್ಲಿ ಇದೆ. ಭಾರತದಲ್ಲಿ ವ್ಯಾಪಾರದ ನಷ್ಟವನ್ನು 8 ವರ್ಷದವರೆಗೆ ಮುಂದಕ್ಕೆ ಒಯ್ಯಬಹುದು, ಆದರೆ ಗಡುವಿನೊಳಗೆ ರಿಟರ್ನ್ ಹಾಕಿದವರಿಗೆ ಮಾತ್ರ. ಲಾಭವೇ ಇಲ್ಲ, ಇನ್ನೆಂಥಾ ರಿಟರ್ನು ಅಂತ ಬಿಟ್ಟವರು ಒಳ್ಳೆಯ ಕಾಲ ಬಂದಾಗ ಪೂರ್ತಿ ತೆರಿಗೆ ಕಟ್ಟಿ ಕೈ ಕೈ ಹಿಸುಕಿಕೊಳ್ಳುತ್ತಾರೆ. ಹಾಗೆಯೇ, ಮುಂಗಡ ತೆರಿಗೆ ಕಟ್ಟುವವನಾದರೆ ಹೋದ ವರ್ಷದ ಅಂದಾಜನ್ನೇ ಹಿಡಿದುಕೊಂಡು ಕಟ್ಟಬೇಡ. ಆದಾಯ ಇಳಿದಿದ್ದರೆ ಅಂದಾಜನ್ನೂ ಇಳಿಸಬಹುದಾ ಅಂತ ವಿಚಾರಿಸು.

ಈಗ ಬೈಗುಳ ತಿನ್ನು. ತೆರಿಗೆಯ ದುಡ್ಡು ಕಾಗದಕ್ಕೆ ಹೋಯಿತು ಅಂತ ಏನೋ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹಾಕಿದ ಹಾಗೆ ಬರೆದಿದ್ದೀಯ. ವ್ಯಾಟ್ ಅನ್ನಲಿ, ಜಿಎಸ್‌ಟಿ ಅನ್ನಲಿ, ಬಿಲ್ಲಿನ ಕೊನೆಯಲ್ಲಿ ಸೇರಿಸಿ ವಸೂಲು ಮಾಡುವ ದುಡ್ಡು ಗಿರಾಕಿ ಸರ್ಕಾರಕ್ಕೆ ಅಂತ ಕೊಟ್ಟದ್ದು. 1954ರಲ್ಲಿ ಫ್ರಾನ್ಸ್ ಈ ಪದ್ಧತಿ ತಂದಾಗಿನಿಂದ ಇದರ ಗುಟ್ಟೇ ಅದು. ಸರ್ಕಾರ ತಾನೇ ಬಂದು ವಸೂಲಿ ಮಾಡುವ ಬದಲು ಪ್ರತಿಯೊಬ್ಬ ವ್ಯಾಪಾರಿಯನ್ನೂ ಪುಕ್ಕಟೆ ಗುಮಾಸ್ತನನ್ನಾಗಿ ಮಾಡಿಕೊಂಡಿತು. ಅನ್ಯಾಯ ಅನ್ನಿಸಿದರೆ ಅನ್ನಿಸಲಿ, ನನಗೂ ಅನ್ನಿಸುತ್ತದೆ. ಆದರೂ ಆ ದುಡ್ಡು ನಿನ್ನದಲ್ಲ. ಕೆಲಸದವರ ಸಂಬಳದಲ್ಲಿ ಹಿಡಿದ ತೆರಿಗೆ, ಭವಿಷ್ಯನಿಧಿ ಇನ್ನೂ ಸೂಕ್ಷ್ಮ. ಅದನ್ನು ಮುಟ್ಟಿದರೆ ಕಾನೂನು ಬಾಕಿದಾರ ಅಂತ ನೋಡುವುದಿಲ್ಲ, ಪರರ ದುಡ್ಡು ತಿಂದವನು ಅಂತ ನೋಡುತ್ತದೆ. ಕಂಪನಿ ಮಾಡಿಕೊಂಡಿದ್ದರೂ ಕೆಲವು ಸಲ ನಿನ್ನ ಸ್ವಂತ ಆಸ್ತಿಗೇ ಬರುತ್ತದೆ.

ಅದಕ್ಕೇ ಇನ್ನೊಂದು ಬ್ಯಾಂಕ್ ಖಾತೆ ತೆರೆ. ಚೆಕ್ ಬುಕ್ ಬೇಡ, ಕಾರ್ಡ್ ಬೇಡ, ಫೋನಿನ ಆ್ಯಪಿಗೂ ಜೋಡಿಸಬೇಡ. ಬಿಲ್ಲಿನ ದುಡ್ಡು ಬಂದ ದಿನವೇ ಅದರಲ್ಲಿರುವ ತೆರಿಗೆ ಅಲ್ಲಿಗೆ ಹೋಗಲಿ. ಕಣ್ಣಿಗೆ ಕಾಣದ ದುಡ್ಡಿನ ಮೇಲೆ ಆಸೆ ಹುಟ್ಟುವುದಿಲ್ಲ.

ನೀನು ಕೇಳುತ್ತೀಯ, ಗೊತ್ತು. ಗಿರಾಕಿಯೇ ದುಡ್ಡು ಕೊಟ್ಟಿಲ್ಲ, ನಾನೆಲ್ಲಿಂದ ತೆರಿಗೆ ಕಟ್ಟಲಿ? ಅದು ನಿಜವಾದ ಸಂಕಟ. ಬಿಲ್ ಬರೆದ ತಕ್ಷಣ ತೆರಿಗೆ ಬಾಕಿ ಬೀಳುವ ಪದ್ಧತಿಯಲ್ಲಿ ಉದ್ರಿ ಕೊಟ್ಟವನಿಗೆ ಎರಡು ಏಟು. ಕೆಲವು ದೇಶಗಳಲ್ಲಿ ಸಣ್ಣ ವ್ಯಾಪಾರಿಗಳಿಗೆ ರಿಯಾಯಿತಿ ಇದೆ. ಬ್ರಿಟನ್ನಿನಲ್ಲಿ ಒಂದು ಮಿತಿಯೊಳಗಿನ ವಹಿವಾಟಿನವರು ಗಿರಾಕಿಯ ದುಡ್ಡು ಕೈಗೆ ಬಂದ ಮೇಲೆ ವ್ಯಾಟ್ ಕಟ್ಟುವ ಪದ್ಧತಿಗೆ ಸೇರಿಕೊಳ್ಳಬಹುದು. ನಿನಗೂ ಅಂಥದ್ದು ಇದೆಯಾ ಕೇಳು. ಇಲ್ಲದಿದ್ದರೆ ದೊಡ್ಡ ಆರ್ಡರಿಗೆ ಅಡ್ವಾನ್ಸ್ ಇಲ್ಲದೆ ಮೆಷೀನ್ ಚಾಲೂ ಮಾಡಬೇಡ. ಕನಿಷ್ಠ ಕಾಗದದ ಖರ್ಚು ಮತ್ತು ತೆರಿಗೆ ಅಷ್ಟಾದರೂ ಮೊದಲೇ ಬರಲಿ.

ಈಗ ಒಂದು ದೊಡ್ಡ ಹಾಳೆ ತಗೋ. ನಿನ್ನಲ್ಲಿ ಕಾಗದಕ್ಕೇನು ಬರ! ಅಡ್ಡಕ್ಕೆ 13 ಮನೆ ಗೀಚು, ಒಂದೊಂದು ಮನೆ ಒಂದೊಂದು ವಾರ, ಅಲ್ಲಿಗೆ ಮೂರು ತಿಂಗಳಾಯಿತು. ಮೇಲೆ ಆ ವಾರ ಶುರುವಾಗುವಾಗ ಬ್ಯಾಂಕಿನಲ್ಲಿರುವ ದುಡ್ಡು. ಅದರ ಕೆಳಗೆ ಬರುವುದು, ಅದರ ಕೆಳಗೆ ಹೋಗುವುದು, ಕೊನೆಗೆ ಉಳಿಯುವುದು. ಬರುವುದನ್ನು ಬಿಲ್ಲಿನ ತಾರೀಖಿಗೆ ಬರೆಯಬೇಡ, ಆ ಮನುಷ್ಯ ಹಿಂದೆ ಯಾವಾಗ ಕೊಟ್ಟಿದ್ದನೋ ಆ ಲೆಕ್ಕದಲ್ಲಿ ಬರೆ. ತಿಂಗಳಿಗೆ ಕೊಡ್ತೀನಿ ಅಂದು ಎರಡೂವರೆ ತಿಂಗಳಿಗೆ ಕೊಡುವವನ ದುಡ್ಡು ಹನ್ನೊಂದನೇ ವಾರಕ್ಕೇ ಹೋಗಲಿ. ಬಾಡಿಗೆ, ಸಂಬಳ, ಸಾಲದ ಕಂತು, ತೆರಿಗೆಯ ಗಡುವು, ಇನ್ಶೂರೆನ್ಸ್ ಎಲ್ಲ ಅದರದರ ವಾರದಲ್ಲಿ ಕೂರಲಿ. ನಿನ್ನ ಮನೆಖರ್ಚಿಗೆ ತೆಗೆಯುವುದನ್ನೂ ಬರೆ, ಅದನ್ನು ಎಲ್ಲರೂ ಮರೆಯುತ್ತಾರೆ. ಬರೆಯುತ್ತಾ ಹೋದರೆ ಎಲ್ಲೋ ಒಂದು ಕಡೆ, ಆರನೇ ವಾರವೋ ಏಳನೇ ವಾರವೋ, ಕೊನೆಯ ಸಾಲು ಸೊನ್ನೆಯಿಂದ ಕೆಳಗೆ ಇಳಿಯುತ್ತದೆ. ನಿನಗೆ ಬೇಕಾಗಿರುವುದು ಅದೇ. ಈಗ ನಿನ್ನ ಕೈಯಲ್ಲಿ ಐದಾರು ವಾರ ಇದೆ. ಅವತ್ತು ಬೆಳಿಗ್ಗೆ ಗೊತ್ತಾದರೆ ಮೀಟರ್ ಬಡ್ಡಿಯವನ ಬಾಗಿಲಿಗೇ ಓಡಬೇಕು.

ಈ ಹಾಳೆಯನ್ನು ವಾರಕ್ಕೊಮ್ಮೆ ತಿದ್ದು. ಲಾಭನಷ್ಟದ ಪಟ್ಟಿ ಇದನ್ನು ಹೇಳುವುದಿಲ್ಲ. ಅದರಲ್ಲಿ ಉದ್ರಿ ಮಾರಾಟವೂ ಆದಾಯ. ಸಾಲದ ಅಸಲು ಕಟ್ಟಿದ್ದು ಅದರಲ್ಲಿ ಖರ್ಚೇ ಅಲ್ಲ, ಆದರೆ ದುಡ್ಡು ಹೋಗಿರುತ್ತದೆ. ಪುಸ್ತಕದಲ್ಲಿ ಲಾಭ ಇಟ್ಟುಕೊಂಡೇ ಬಾಗಿಲು ಹಾಕಿದ ವ್ಯಾಪಾರಗಳು ಬೇಕಾದಷ್ಟಿವೆ.

ರೇಟು ಇಳಿಸುವ ವಿಚಾರ. ಎದುರಿನವನು ಶೇ. 10 ಕಡಿಮೆ ಮಾಡಿದ್ದಾನೆ, ನಾನೂ ಮಾಡಲೇಬೇಕು ಅಂತೀಯ. ಲೆಕ್ಕ ಹಾಕು. 100ರ ಕೆಲಸದಲ್ಲಿ ಕಾಗದ, ಇಂಕು, ಪ್ಲೇಟು ಎಲ್ಲ ಸೇರಿ 75 ಹೋದರೆ ನಿನಗೆ 25 ಉಳಿಯುತ್ತದೆ. 90ಕ್ಕೆ ಮಾಡಿಕೊಟ್ಟರೆ ಉಳಿಯುವುದು 15. ಮೊದಲಿನಷ್ಟೇ ದುಡ್ಡು ನೋಡಬೇಕಾದರೆ ಸುಮಾರು ಶೇ. 67 ಜಾಸ್ತಿ ಕೆಲಸ ಬರಬೇಕು. ಆರ್ಡರೇ ಇಲ್ಲದ ಈ ಕಾಲದಲ್ಲಿ ಅಷ್ಟು ಬರುತ್ತದಾ? ಅದರ ಬದಲು ನಗದು ಕೊಡುವವನಿಗೆ ಮಾತ್ರ ಸ್ವಲ್ಪ ಬಿಡು. ಉದ್ರಿಯವನಿಗೆ ಒಂದು ಪೈಸೆಯೂ ಇಳಿಸಬೇಡ.

ಸಾಲ ಮಾಡಲೇಬೇಕಾದರೆ ಮಾಡು, ಸಾಲ ಪಾಪ ಅಲ್ಲ. ಆದರೆ "ಫ್ಲಾಟ್ ಶೇ. 12" ಅಂದವನ ಮಾತಿಗೆ ತಲೆ ಆಡಿಸಬೇಡ. ಒಂದು ವರ್ಷದ ಸಾಲವನ್ನು ತಿಂಗಳ ಕಂತಿನಲ್ಲಿ ತೀರಿಸುತ್ತಾ ಹೋಗುತ್ತೀಯ, ಅಸಲು ಕರಗುತ್ತಿರುತ್ತದೆ, ಅವನು ಮಾತ್ರ ಪೂರ್ತಿ ಅಸಲಿನ ಮೇಲೆ ಬಡ್ಡಿ ಹಾಕುತ್ತಾನೆ. ನಿಜವಾಗಿ ಅದು ಸುಮಾರು ಶೇ. 21.5. ನೂರಕ್ಕೆ ತಿಂಗಳಿಗೆ ಮೂರು ಅನ್ನುವ ಕೈಸಾಲವಂತೂ ಬಡ್ಡಿ ಕಟ್ಟದೆ ಬಿಟ್ಟು ಚಕ್ರಬಡ್ಡಿಗೆ ಬಿದ್ದರೆ ವರ್ಷಕ್ಕೆ ಶೇ. 42 ದಾಟುತ್ತದೆ. ಮತ್ತೆ, ಅಮ್ಮನ ಮನೆಪತ್ರ ಜಾಮೀನಿಗೆ ಇಡುವ ಮಾತು ನನ್ನ ಹತ್ತಿರ ಎತ್ತಬೇಡ. ಅದಕ್ಕೆ ನನ್ನ ಉತ್ತರ ನಿನಗೆ ಗೊತ್ತಿದೆ.

ಎಲ್ಲರಿಗೂ ಒಟ್ಟಿಗೆ ಕೊಡಲಾಗದ ತಿಂಗಳಲ್ಲಿ ಕೆಲಸದವರ ಸಂಬಳ ಮೊದಲು. ಅದರ ಜೊತೆಗೇ ನಿನ್ನದಲ್ಲದ ತೆರಿಗೆ. ಆಮೇಲೆ ನಿಂತರೆ ಮೆಷೀನೇ ನಿಲ್ಲುವಂಥವು, ಅಂದರೆ ಕರೆಂಟು, ಕಾಗದ, ಬಾಡಿಗೆ. ಉಳಿದವರಿಗೆ ಫೋನ್ ಮಾಡು. ಅವರೇ ಮಾಡುವುದಕ್ಕೆ ಮೊದಲು ನೀನು ಮಾಡು. "ಅರ್ಧ ಈಗ, ಅರ್ಧ ಮುಂದಿನ ತಿಂಗಳು ಇಂಥ ತಾರೀಖಿಗೆ" ಅಂತ ಹೇಳಿ, ಹೇಳಿದ ತಾರೀಖಿಗೆ ಕೊಡು. ತೆರಿಗೆ ಇಲಾಖೆಯಲ್ಲೂ ಕಂತಿನಲ್ಲಿ ಕಟ್ಟುವ ಅವಕಾಶ ಬಹಳ ಕಡೆ ಇರುತ್ತದೆ, ಬಡ್ಡಿ ಓಡುತ್ತದೆ ನಿಜ, ಆದರೆ ಖಾತೆ ಜಪ್ತಿ ಆದ ಮೇಲೆ ಹೋಗಿ ಕೇಳುವುದಕ್ಕೂ ಮೊದಲೇ ಹೋಗಿ ಕೇಳುವುದಕ್ಕೂ ಅಲ್ಲಿ ಸಿಗುವ ಮರ್ಯಾದೆಯೇ ಬೇರೆ.

ಆಡಿಟರ್ ಹತ್ತಿರ ಹೋಗುವಾಗ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟು, ಖರೀದಿಯ ಬಿಲ್ಲುಗಳು, ಯಾರು ಎಷ್ಟು ದಿನದಿಂದ ಬಾಕಿ ಇಟ್ಟಿದ್ದಾರೆ ಅನ್ನುವ ಪಟ್ಟಿ, ಇಲಾಖೆಯಿಂದ ಬಂದ ಪ್ರತಿ ನೋಟಿಸು ತಗೊಂಡು ಹೋಗು. ಒಡೆಯದೆ ಡ್ರಾಯರಿಗೆ ಹಾಕಿದ ಲಕೋಟೆಗಳೂ ಅದರಲ್ಲಿ ಸೇರಿವೆ, ನನಗೆ ನಿನ್ನ ಬುದ್ಧಿ ಗೊತ್ತಿಲ್ಲವಾ. ಆ ಬಾಕಿ ಪಟ್ಟಿಯ ಫೋಟೋ ನನಗೂ ಕಳಿಸು. 90 ದಿನ ದಾಟಿದವರಿಗೆ ಏನಂತ ಬರೆಯಬೇಕೋ ಕೂತು ಬರೆದುಕೊಡುತ್ತೇನೆ, ನೀನು ಬರೆದರೆ ಕ್ಷಮೆ ಕೇಳಿದ ಹಾಗೆ ಇರುತ್ತದೆ.

ಇಂತಿ,
ನಿನ್ನ ಅತ್ತೆ