ಅದು ಮರದ ರೋಗ ಅಲ್ಲ

ಮಳೆ ಬಿದ್ದ ಮೇಲೆ ಕೆಲಗೇರಿ ಕೆರೆ ಕಡೆ ವಾಕಿಂಗ್ ಹೋದಾಗ, ನೀಲಗಿರಿ ಬುಡದಲ್ಲಿ ಆಲೂಗಡ್ಡೆಯಂಥ ಕಂದು ಉಂಡೆಗಳು ಕಂಡವು. ಒದ್ದರೆ ಕಾಫಿಪುಡಿಯಂಥ ಧೂಳು ಹಾರುತ್ತದೆ. ರೋಗ ಅಂತ ಯಾರೋ ಸುಣ್ಣ ಸುರಿದಿದ್ದರು, ಪಾಪ!

ಅದು ಪಿಸೊಲಿಥಸ್ ಎಂಬ ಅಣಬೆ. ಅದರ ಎಳೆಗಳು ಬೇರಿನ ತುದಿಗೆ ಕಾಲುಚೀಲದಂತೆ ಸುತ್ತಿಕೊಂಡು, ಬೇರಿಗೆ ಎಟುಕದ ಮಣ್ಣಿನಿಂದಲೂ ನೀರು, ರಂಜಕ ತಂದುಕೊಡುತ್ತವೆ. ಬದಲಿಗೆ ಮರ ಸಕ್ಕರೆ ಕೊಡುತ್ತದೆ. ಜರ್ಮನಿಯ ಸಸ್ಯವಿಜ್ಞಾನಿ ಫ್ರ್ಯಾಂಕ್ 1885ರಲ್ಲೇ ಇಂಥ ನಂಟಿಗೆ ‘ಮೈಕೊರೈಜಾ’ ಎಂದು ಹೆಸರಿಟ್ಟರು. ನಮ್ಮ ಬೇವು, ಮಾವಿನ ಜೊತೆಗಾರ ಬೇರೆ ಜಾತಿಯದು. ಬೇರಿನ ಒಳಗೇ ಹೊಕ್ಕಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ.

ನೀಲಗಿರಿ ನೀರು ಜಾಸ್ತಿ ಕುಡಿಯುತ್ತದೆ ಅನ್ನೋ ಜಗಳ ಬೇರೆ, ಅದು ಇಲ್ಲಿ ಬೇಡ. ಮರದ ಬುಡಕ್ಕೆ ಸಿಮೆಂಟ್ ಬಳಿಯುವವರು, ತರಗೆಲೆ ಸುಡುವವರು ಒಮ್ಮೆ ಆ ಉಂಡೆಯ ಕೆಳಗೆ ಮಣ್ಣು ಕೆದಕಿ ಹಳದಿ ಎಳೆಗಳನ್ನು ನೋಡಲಿ.

– ಓದುಗ, ಧಾರವಾಡ