ಗಾರ್ಡ್‌ಗಳು ಪದೇ ಪದೇ ಬದಲಾಗುತ್ತಿರುವ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ನಮ್ಮ ಅಪಾರ್ಟ್‌ಮೆಂಟಿಗೆ ಸೆಕ್ಯುರಿಟಿ ಸಿಬ್ಬಂದಿ ಒದಗಿಸುತ್ತಿರುವ ಸಂಸ್ಥೆ,
ಬೆಂಗಳೂರು

ವಿಷಯ: ಗೇಟಿನ ಸಿಬ್ಬಂದಿ ನಿಲ್ಲದಿರುವುದು ಮತ್ತು ಅದಕ್ಕೆ ನಿಮ್ಮ ಸಂಸ್ಥೆಯ ಹೊಣೆ

ಮಾನ್ಯರೇ,

ನಾನು ಇಲ್ಲಿನ ನಿವಾಸಿಗಳ ಸಂಘದ ಕಾರ್ಯದರ್ಶಿ. ಕಳೆದ ಶುಕ್ರವಾರ ಸಂಜೆ ಗೇಟಿನಲ್ಲಿ ಆದದ್ದನ್ನು ನಿಮ್ಮ ಫೀಲ್ಡ್ ಆಫೀಸರಿಗೆ ಫೋನಿನಲ್ಲಿ ಹೇಳಿದ್ದೆ. "ಹುಡುಗ ಹೊಸಬ ಸಾರ್, ಬೇರೆಯವನನ್ನ ಹಾಕ್ತೀವಿ" ಎಂದರು. ನಮ್ಮ ತೊಂದರೆಯೇ ಅದು. ಹಾಗಾಗಿ ನಿಮಗೇ ಬರೆಯುತ್ತಿದ್ದೇನೆ.

ಬಿ ಬ್ಲಾಕಿನಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ. ಮರೆವಿನ ಕಾಯಿಲೆ. ಹೊತ್ತು ಮುಳುಗುವಾಗ ಊರಿಗೆ ಹೋಗಬೇಕು ಅನ್ನಿಸಿ ಕೈಚೀಲ ಹಿಡಿದು ಕೆಳಗಿಳಿಯುತ್ತಾರೆ. ಮೊದಲು ಇಲ್ಲಿದ್ದ ಯಾದಗಿರಿ ಕಡೆಯ ಗಾರ್ಡ್ "ಬಸ್ ಇನ್ನಾ ಬಂದಿಲ್ರಿ ಅಮ್ಮಾ, ಕುಂದರ್ರಿ" ಎಂದು ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟು, ಇಂಟರ್‌ಕಾಮಿನಲ್ಲಿ ಅವರ ಮಗಳನ್ನು ಕರೆಯುತ್ತಿದ್ದರು. ಶುಕ್ರವಾರ ಇದ್ದ ಹುಡುಗ ಸೆಲ್ಯೂಟ್ ಹೊಡೆದು ಗೇಟು ತೆಗೆದ. ಅಜ್ಜಿ ಮುಖ್ಯರಸ್ತೆ ದಾಟಿ ಹೋಗಿದ್ದರು. ಅಲ್ಲಿನ ಮೆಡಿಕಲ್ ಶಾಪಿನವರು ಗುರುತು ಹಿಡಿದು ಕೂರಿಸಿಕೊಂಡದ್ದರಿಂದ ಸಿಕ್ಕರು.

ಆ ಹುಡುಗನನ್ನು ನಾನು ದೂರುತ್ತಿಲ್ಲ. ಅವತ್ತು ಅವನಿಗೆ ಎರಡನೇ ದಿನ. ಅಜ್ಜಿಯ ವಿಷಯ ಅವನಿಗೆ ಹೇಳುವವರೇ ಇರಲಿಲ್ಲ. ಅವನಿಗಿಂತ ಮೊದಲು ಇದ್ದವರೂ ಹೊಸಬರೇ. ಡ್ಯೂಟಿ ಬದಲಾಗುವಾಗ ಬರೆಯುವ ಗೇಟಿನ ಹ್ಯಾಂಡೋವರ್ ಪುಸ್ತಕ ತೆಗೆದು ನೋಡಿದೆ. ಪುಟದಿಂದ ಪುಟಕ್ಕೆ ಹೆಸರು ಬೇರೆ, ಕೈಬರಹ ಬೇರೆ. ಬರೆದಿರುವುದು ಮಾತ್ರ ಒಂದೇ: "ಎಲ್ಲಾ ಓಕೆ." ಕೊಟ್ಟವರ ಸಹಿ ಇದ್ದರೆ ತೆಗೆದುಕೊಂಡವರ ಸಹಿ ಇಲ್ಲ. ಕಳೆದ ತಿಂಗಳಂತೂ ಮೂರು ದಿನದ ಪುಟ ಪೂರ್ತಿ ಖಾಲಿ.

ಗೇಟಿಗೆ ಒಬ್ಬರು ಆಳು ನಿಂತರೆ ಸಾಕು ಅಂತ ನೀವು ತಿಳಿದಿರಬಹುದು. ಜನರೇಟರ್ ರೂಮಿನ ಬೀಗದ ಕೈ ಎಲ್ಲಿದೆ, ಪೈಪ್ ಒಡೆದರೆ ಯಾವ ವಾಲ್ವ್ ತಿರುಗಿಸಬೇಕು, ಯಾವ ಮಗುವನ್ನು ಸ್ಕೂಲ್ ವ್ಯಾನಿನಿಂದ ಇಳಿಸಿಕೊಳ್ಳಲು ಯಾರು ಬರುತ್ತಾರೆ, ಇದೆಲ್ಲ ಇಲ್ಲೇ ಇದ್ದು ಕಲಿಯುವುದು. ಟ್ಯಾಂಕರ್ ಬಂದಾಗ ಸಂಪಿನ ಮಟ್ಟ ಅಳೆದೇ ರಸೀದಿಗೆ ಸಹಿ ಹಾಕಬೇಕು. ಹೊಸಬರಿಗೆ ಅದು ಗೊತ್ತಿಲ್ಲ, ಡ್ರೈವರ್ ತೋರಿಸಿದ ಕಡೆ ಸುಮ್ನೆ ಸಹಿ ಹಾಕುತ್ತಾರೆ.

ನನಗೆ ಇದಕ್ಕಿಂತ ಜಾಸ್ತಿ ಬೇಸರ ತಂದಿರುವ ವಿಷಯ ಇನ್ನೊಂದಿದೆ. ಮುಖಪರಿಚಯ ಇಲ್ಲದ ಗಾರ್ಡ್ ಜನರನ್ನು ಬಟ್ಟೆ ನೋಡಿ ಅಳೆಯುತ್ತಾರೆ. ವರ್ಷಗಟ್ಟಲೆಯಿಂದ ಇಲ್ಲಿ ಮನೆಕೆಲಸಕ್ಕೆ ಬರುತ್ತಿರುವ ಹೆಂಗಸರನ್ನು ಗೇಟಿನಲ್ಲಿ ನಿಲ್ಲಿಸಿ ಚೀಲ ಬಿಚ್ಚಿಸುತ್ತಾರೆ. ಲ್ಯಾಪ್‌ಟಾಪ್ ಬ್ಯಾಗ್ ಹಾಕಿಕೊಂಡು ಕೈ ಬೀಸಿದ ಅಪರಿಚಿತರು ನೇರವಾಗಿ ಒಳಗೆ. ಇದನ್ನು ಕಾವಲು ಅನ್ನುವುದು ಹೇಗೆ?

ಇವರು ಯಾಕೆ ನಿಲ್ಲುತ್ತಿಲ್ಲ ಎಂದು ಬಿಟ್ಟು ಹೋಗುವವರನ್ನೇ ಕೇಳಿದೆ. ಹೇಳಿದ್ದು ಹೆಚ್ಚುಕಡಿಮೆ ಒಂದೇ. ಸಂಬಳ 15ನೇ ತಾರೀಕು ದಾಟಿ ಬರುತ್ತದೆ. ಮೊದಲ ತಿಂಗಳಿನಲ್ಲೇ ಯೂನಿಫಾರ್ಮ್ ಮತ್ತು ಶೂಗೆ ಅಂತ ಹಿಡಿಯುತ್ತಾರೆ. 12 ಗಂಟೆ ಡ್ಯೂಟಿ ಮುಗಿಸಿದ ಮೇಲೆ ರಿಲೀವರ್, ಅಂದರೆ ಬದಲಿ ಗಾರ್ಡ್, ಬರದಿದ್ದರೆ ಇನ್ನೊಂದು 12 ಗಂಟೆ ನಿಲ್ಲಬೇಕು. ಯಾದಗಿರಿಯವರು ಬಿಟ್ಟದ್ದು ಡೆಂಗಿ ಜ್ವರ ಬಂದ ಮೇಲೆ. ಇಎಸ್‌ಐಗೆ, ಅಂದರೆ ನೌಕರರ ಆರೋಗ್ಯ ವಿಮೆಗೆ, ಅಂತ ಹಣ ಕಟ್ ಆಗುತ್ತಿತ್ತು. ಆಸ್ಪತ್ರೆಯಲ್ಲಿ ತೋರಿಸಲು ನಂಬರೇ ಇರಲಿಲ್ಲ. ಸಾಲ ಮಾಡಿ ಬಿಲ್ ಕಟ್ಟಿದರು. ಈಗ ಪಕ್ಕದ ರಸ್ತೆಯ ಸೈಟಿನಲ್ಲಿ ಇದ್ದಾರೆ. ಅಲ್ಲಿ ಹೆಚ್ಚು ಸಿಗುವುದು ಕೇವಲ ಐನೂರು ರೂಪಾಯಿ, ಆದರೆ ಸರಿಯಾದ ದಿನಕ್ಕೆ ಸಿಗುತ್ತದಂತೆ.

ನಮ್ಮಿಂದ ನೀವು ಏನೇನು ವಸೂಲಿ ಮಾಡುತ್ತೀರಿ ಎಂದು ನಿಮ್ಮ ಬಿಲ್ಲನ್ನೇ ನೋಡಿ. ಪಿಎಫ್ 12 ಪರ್ಸೆಂಟ್, ಇಎಸ್‌ಐ 3.25 ಪರ್ಸೆಂಟ್, ಯೂನಿಫಾರ್ಮ್ ಖರ್ಚು, ಸರ್ವಿಸ್ ಚಾರ್ಜ್, ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ವಾರದ ರಜೆಯ ರಿಲೀವರ್‌ಗೆ ಅಂತ ಸಂಬಳದ ಆರನೇ ಒಂದು ಭಾಗ. ನಮ್ಮ ಗೇಟಿನಲ್ಲಿ ವಾರದ ರಜೆ ಪಡೆದ ಗಾರ್ಡನ್ನು ನಾನು ಇನ್ನೂ ಕಂಡಿಲ್ಲ. ಯೂನಿಫಾರ್ಮಿನ ದುಡ್ಡನ್ನು ನಮ್ಮಿಂದಲೂ ತೆಗೆದುಕೊಂಡು ಅವರಿಂದಲೂ ಹಿಡಿಯುವುದು ಯಾವ ನ್ಯಾಯ?

ಕಾನೂನಿನ ಮಾತೂ ಇದೆ. 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆ ನಿಮಗೆ ಗೊತ್ತಿರುತ್ತದೆ, ನಿಮ್ಮ ಲೈಸೆನ್ಸ್ ಇರುವುದೇ ಅದರ ಕೆಳಗೆ. ಗಾರ್ಡ್‌ನ ಪೂರ್ವಾಪರ ಪರಿಶೀಲನೆ ಆಗಿರಬೇಕು, ಫೋಟೋ ಇರುವ ಗುರುತಿನ ಚೀಟಿ ಕೊಡಬೇಕು. ಕೇಂದ್ರದ ಮಾದರಿ ನಿಯಮಗಳ ಪ್ರಕಾರ 100 ಗಂಟೆ ತರಗತಿ, 60 ಗಂಟೆ ಫೀಲ್ಡ್ ತರಬೇತಿ, ಅದೂ ಕನಿಷ್ಠ 20 ಕೆಲಸದ ದಿನಗಳಲ್ಲಿ. ಬುಧವಾರ ಊರಿನಿಂದ ಬಂದ ಹುಡುಗ ಗುರುವಾರ ನಮ್ಮ ಗೇಟಿನಲ್ಲಿ ನಿಂತಿದ್ದ. ತರಬೇತಿ ಯಾವಾಗ ಆಯಿತು? ಅವನ ಕೊರಳಲ್ಲಿದ್ದ ಕಾರ್ಡಿನಲ್ಲಿ ಬೇರೆ ಯಾರದ್ದೋ ಫೋಟೋ ಇತ್ತು.

ಆದ್ದರಿಂದ ಸಂಘದ ಪರವಾಗಿ ಕೇಳುತ್ತಿದ್ದೇನೆ. ತಿಂಗಳು ಮುಗಿದು 7 ದಿನದೊಳಗೆ ಸಂಬಳ ಅವರ ಖಾತೆಗೆ ಬೀಳಲಿ. ಮುಂದಿನ ಬಿಲ್ಲಿನ ಜೊತೆ ಪ್ರತಿ ಗಾರ್ಡ್‌ನ ಪಿಎಫ್, ಇಎಸ್‌ಐ ಚಲನ್ ಮತ್ತು ಪೇ ಸ್ಲಿಪ್ ಬರಲಿ. ಬರದಿದ್ದರೆ ಬಿಲ್ ಪಾಸ್ ಮಾಡುವುದಿಲ್ಲ. ವಾರದ ರಜೆ ಕೊಡಿ, ಇಲ್ಲದಿದ್ದರೆ ರಿಲೀವರ್ ಹಣ ವಾಪಸ್ ಕೊಡಿ. ಯಾರನ್ನಾದರೂ ಬದಲಾಯಿಸಲೇಬೇಕಾದರೆ ಹೊಸಬರು ಮೂರು ದಿನ ಹಳಬರ ಜೊತೆಗೇ ನಿಲ್ಲಲಿ, ಅದರ ಖರ್ಚು ನಿಮ್ಮದು. ಶುಕ್ರವಾರದ ಹುಡುಗನನ್ನು ದಯವಿಟ್ಟು ತೆಗೆಯಬೇಡಿ. ತರಬೇತಿ ಕೊಡಿಸಿ ಇಲ್ಲಿಗೇ ಕಳಿಸಿ. ಈಗ ಅವನು ಅಜ್ಜಿಯನ್ನು ಬಲ್ಲ.

ಗಾರ್ಡ್‌ಗಳ ಸಂಬಳ ಸಾಲದು ಅನ್ನಿಸಿದರೆ ರೇಟ್ ಬಗ್ಗೆ ಮಾತಾಡಲು ನಾವು ತಯಾರಿದ್ದೇವೆ. ಕಳೆದ ಸಭೆಯಲ್ಲಿ ಬಹಳ ಜನ ಒಪ್ಪಿದ್ದಾರೆ. ಹೆಚ್ಚಿಸಿದ ಹಣ ಅವರ ಕೈ ಸೇರುತ್ತದೆ ಎಂಬುದಕ್ಕೆ ಕಾಗದ ಬೇಕು, ಅಷ್ಟೇ.

ಹದಿನೈದು ದಿನದೊಳಗೆ ಲಿಖಿತ ಉತ್ತರ ಕೊಡಿ. ಬರದಿದ್ದರೆ ಒಪ್ಪಂದದಂತೆ ಒಂದು ತಿಂಗಳ ನೋಟಿಸ್ ಕೊಟ್ಟು, ತರಬೇತಿ ಮತ್ತು ಗುರುತಿನ ಚೀಟಿಯ ವಿಷಯವನ್ನು ಲೈಸೆನ್ಸ್ ಕೊಡುವ ಪ್ರಾಧಿಕಾರಕ್ಕೆ ತಿಳಿಸುತ್ತೇವೆ. ಹ್ಯಾಂಡೋವರ್ ಪುಸ್ತಕದ ಪುಟಗಳ ಪ್ರತಿಯನ್ನು ಇದರ ಜೊತೆ ಇಟ್ಟಿದ್ದೇನೆ.

ಇಂತಿ,
ಕಾರ್ಯದರ್ಶಿ,
ನಿವಾಸಿಗಳ ಸಂಘ